ಖಾಲಿ ಕುರ್ಚಿಗೆ ಬೆಲ್ಲ-ನೀರು

ಇದನ್ನು ನಂಬಿ ಅಂತ ನಾನು ಯಾರ ಕಾಲೂ ಹಿಡಿಯುವುದಿಲ್ಲ. ನೀವು ನಂಬದಿದ್ದರೆ ನನಗೇ ಒಳ್ಳೆಯದು. ಇದೆಲ್ಲ ಸುಳ್ಳು ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ಒಂದು ರಾತ್ರಿಯಾದರೂ ಕಣ್ತುಂಬ ನಿದ್ದೆ ಮಾಡುತ್ತೇನೆ. ಆದರೆ ನಡೆದದ್ದು ನಡೆದಿದೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಗೋವಾದ ಪರ್ವರಿಯ ನಮ್ಮ ಬಾಡಿಗೆ ಮನೆಯ ಒಳಕೋಣೆಯಲ್ಲಿ, ನನ್ನ ಬೆನ್ನ ಹಿಂದೆಯೇ ನಡೆದಿದೆ…

ನನ್ನ ಹೆಸರು ಸಂಗಮೇಶ. ಅಪ್ಪ ವಿಜಯಪುರದ ಕಡೆಯವನು, ಡಿಚೋಲಿಯಲ್ಲಿ ಗಣಿಯ ಲಾರಿ ಓಡಿಸುತ್ತಿದ್ದ. ನಾನು ಮತ್ತು ಅಕ್ಕ ಹುಟ್ಟಿ ಬೆಳೆದದ್ದು ಗೋವಾದಲ್ಲೇ. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಹೆಚ್ಚಾಗಿ ರಾತ್ರಿ ಪಾಳಿ. ನಾನು ಪಣಜಿಯ ಹೋಟೆಲೊಂದರ ರಿಸೆಪ್ಷನ್ ಕೆಲಸ ಬಿಟ್ಟು ಗೇಮಿಂಗ್ ಚಾನೆಲ್ ಶುರು ಮಾಡಿದ್ದೆ. ರಾತ್ರಿ ಹತ್ತಕ್ಕೆ ಲೈವ್ ಬರುವುದು, ಲಾರಿ ಓಡಿಸುವ ಆಟ ಆಡುವುದು, ಆಡುತ್ತ ಕನ್ನಡದಲ್ಲಿ ಮಾತಾಡುವುದು. ಅಪ್ಪ ನಿಜವಾದ ಲಾರಿ ಓಡಿಸಿ ನಮ್ಮನ್ನು ಸಾಕಿದ, ಮಗ ಸುಳ್ಳು ಲಾರಿ ಓಡಿಸಿ ಉದ್ಧಾರವಾಗಲು ಹೊರಟಿದ್ದ.

ಎರಡು ವರ್ಷ ಕಳೆದರೂ ನನ್ನ ಲೈವ್ ನೋಡುವವರು ಮೂವರು. ಅದರಲ್ಲಿ ಒಬ್ಬ ನಾನೇ. ಪರದೆಯ ಮೂಲೆಯಲ್ಲಿ ಸೊನ್ನೆ ಕಾಣಬಾರದು ಅಂತ ಹಳೆಯ ಫೋನಿನಲ್ಲಿ ನನ್ನ ಲೈವನ್ನು ನಾನೇ ಹಚ್ಚಿಡುತ್ತಿದ್ದೆ. ಉಳಿದಿಬ್ಬರು ಯಾರೋ ದಾರಿ ತಪ್ಪಿ ಬಂದವರು, ಒಂದು ನಿಮಿಷ ಇಣುಕಿ ಹೋಗುವವರು.

ಮಾಡದ ಉಪಾಯವಿಲ್ಲ. ಮೈಕ್ ಬದಲಿಸಿದೆ, ಆಟ ಬದಲಿಸಿದೆ, ಲೈವ್ ಬರುವ ಹೊತ್ತು ಬದಲಿಸಿದೆ, ಬಾಯಿ ಅಗಲ ಮಾಡಿದ ಫೋಟೋ ಹಾಕಿದೆ. ಒಂದು ವಾರ ಹಿಂದಿಯಲ್ಲಿ ಮಾತಾಡಿದೆ, ಇದ್ದ ಇಬ್ಬರೂ ಓಡಿಹೋದರು.

ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದ ಅಕ್ಕ ಚಪ್ಪಲಿ ಬಿಡುತ್ತಲೇ ಹೇಳಿದಳು.

"ದೀಪಾವಳಿ ತನಕ ನೋಡೂಣು ಸಂಗ್ಯಾ. ಅಷ್ಟರಾಗ ನಾಕು ಮಂದಿ ನಿನ್ನ ಮಾತು ಕೇಳಾಕ ಬಂದ್ರ ಸೈ. ಇಲ್ಲಂದ್ರ ಸುಮ್ಮನ ಹೋಟೆಲ್ಲಿಗೆ ಹೋಗು."

ಬೈದು ಹೇಳಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಮೆತ್ತಗೆ ಹೇಳಿದಳು, ಅದೇ ಹೊಟ್ಟೆ ಉರಿಸಿತು. ನಿಜ ಹೇಳುತ್ತೇನೆ, ನನಗೆ ದೊಡ್ಡ ಹೆಸರಿನ ಹುಚ್ಚಿರಲಿಲ್ಲ. ನಾನು ಮಾತಾಡಿದರೆ ಯಾರಾದರೂ ಕೇಳಬೇಕು, ಅಷ್ಟೇ ಬೇಕಾಗಿತ್ತು. ಇಪ್ಪತ್ತೆಂಟು ವರ್ಷ ಯಾರೂ ಕೇಳಿರಲಿಲ್ಲ.

ಚಾನೆಲ್ ಬೆಳೆಸುವುದು ಹೇಗೆ ಅಂತ ಪಾಠ ಹೇಳುವವರ ವಿಡಿಯೋಗಳನ್ನು ಹಗಲೆಲ್ಲ ನೋಡುತ್ತ ಕುಳಿತೆ. ಅವರಲ್ಲೊಬ್ಬ ಹೇಳಿದ್ದ: ನೋಡಲು ಬಂದವರನ್ನು ಮನೆಗೆ ಬಂದವರ ಹಾಗೆ ಮಾತಾಡಿಸಿ. ನನ್ನ ತಲೆಯಲ್ಲಿ ದೀಪ ಹತ್ತಿತು. ನಮ್ಮ ಕಡೆ ಬಿಸಿಲಿನಲ್ಲಿ ಬಂದವನು ಯಾರೇ ಆಗಲಿ, ಮೊದಲು ಬೆಲ್ಲ-ನೀರು ಕೊಡುತ್ತೇವೆ. ನೀವು ಯಾರು, ಯಾವ ಊರು ಅಂತ ಕೇಳುವುದು ಆಮೇಲೆ. ಹೊರಗೆ ಬಿದ್ದಿದ್ದ ಪ್ಲಾಸ್ಟಿಕ್ ಕುರ್ಚಿ ತಂದು ಕ್ಯಾಮೆರಾಕ್ಕೆ ಕಾಣುವಂತೆ ನನ್ನ ಹಿಂದೆ ಹಾಕಿದೆ. ಪಕ್ಕದ ಸ್ಟೂಲಿನ ಮೇಲೆ ಒಂದು ತಂಬಿಗೆ ನೀರು, ಬಟ್ಟಲಲ್ಲಿ ಬೆಲ್ಲ. ಮೂಲೆಯ ಅಂಕಿ ಒಂದು ಏರಿದರೆ ಸಾಕು, ಆಟ ನಿಲ್ಲಿಸಿ ಆ ಖಾಲಿ ಕುರ್ಚಿಯ ಕಡೆ ತಿರುಗಿ ಕೈ ಮುಗಿಯುತ್ತಿದ್ದೆ.

"ಬರ್ರಿ ಬರ್ರಿ, ಒಳಗ ಬರ್ರಿ. ಕೂಡ್ರಿ. ಬೆಲ್ಲಾ ತಿಂದು ನೀರು ಕುಡೀರಿ."

ಅಕ್ಕ ನೋಡಿ ಮೊದಲು ನಕ್ಕಳು. ಆಮೇಲೆ ಯಾಕೋ ಮುಖ ಸಣ್ಣದಾಯಿತು.

"ರಾತ್ರಿ ಹೊತ್ತನ್ಯಾಗ ಹಂಗೆಲ್ಲಾ ಕರೀಬ್ಯಾಡಲೇ. ಹೆಸರು ಹಿಡದು ಕರಿ."

"ಹೆಸರು ಎಲ್ಲಿಂದ ತರಲಿ ಅಕ್ಕಾ? ನನಗ ಬರೇ ಎಷ್ಟು ಮಂದಿ ಅನ್ನೂದು ಕಾಣ್ತದ."

ಅದೇ ನಾನು ಮಾಡಿದ ತಪ್ಪು. ಬಂದವರು ಯಾರು ಅಂತ ತಿಳಿಯದೆ, ಬರೀ ಒಂದು ಅಂಕಿಯನ್ನು ಮನೆಯೊಳಗೆ ಕರೆದು ಕೂರಿಸಿದೆ.

ಐದಾರು ರಾತ್ರಿ ಏನೂ ಆಗಲಿಲ್ಲ. ಆಮೇಲೊಂದು ರಾತ್ರಿ… ಮಳೆ ಆಗಷ್ಟೇ ನಿಂತಿತ್ತು. ಕಿಟಕಿಯಾಚೆ ಕಪ್ಪೆಗಳ ಗದ್ದಲ, ಮಾಡಿನಿಂದ ತೊಟ್ಟಿಕ್ಕುವ ಹನಿ. ಅಕ್ಕ ಆಸ್ಪತ್ರೆಯಲ್ಲಿದ್ದಳು. ಹನ್ನೊಂದರ ಸುಮಾರಿಗೆ ಮೂಲೆಯಲ್ಲಿದ್ದ ಒಂದು ಎರಡಾಯಿತು. ತಿರುಗಿ ನೋಡುವಷ್ಟು ಉತ್ಸಾಹ ಉಳಿದಿರಲಿಲ್ಲ, ಕುಳಿತಲ್ಲಿಂದಲೇ ಬರ್ರಿ ಕೂಡ್ರಿ ಅಂದೆ.

ಹಿಂದೆ ಕುರ್ಚಿ ಕಿರ್ರೆಂದಿತು…

ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಾರದ ಆಳು ಕುಳಿತಾಗ ನಾಲ್ಕೂ ಕಾಲು ಅಗಲವಾಗಿ ಒಂದು ಸದ್ದು ಬರುತ್ತದಲ್ಲ, ಅದೇ ಸದ್ದು. ಕಪ್ಪೆಗಳು ಒಮ್ಮೆಗೇ ಸುಮ್ಮನಾದವು. ನೆನೆದ ಗೋಣಿಚೀಲದ ವಾಸನೆ ಬಂತು, ಅದರ ಜೊತೆ ಸ್ವಲ್ಪ ತಂಬಾಕು-ಸುಣ್ಣ. ಲಾರಿ ಓಡಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಪರದೆಯಲ್ಲಿ ಲಾರಿ ಹೋಗಿ ಹಳ್ಳಕ್ಕೆ ಬಿತ್ತು.

ಚಾಟ್‌ನಲ್ಲಿ ಒಂದು ಸಾಲು ಮೂಡಿತು: "ಅಣ್ಣಾ, ಹಿಂದ ಕುಂತ ಅಜ್ಜಾರು ಯಾರ್ರಿ?"

ತಿರುಗಿದೆ. ಕುರ್ಚಿ ಖಾಲಿ. ತಂಬಿಗೆಯ ನೀರು ಮಾತ್ರ ಯಾರೋ ಈಗಷ್ಟೇ ಮುಟ್ಟಿದಂತೆ ಅಲುಗಾಡುತ್ತಿತ್ತು.

ನಮ್ಮಪ್ಪನ ಆತ್ಮ ಬಂದಿರಬೇಕು ಅಂತ ನೀವು ಲೆಕ್ಕ ಹಾಕುತ್ತಿದ್ದರೆ ಅಲ್ಲಿಗೇ ಬಿಡಿ. ಅಪ್ಪ ಊರಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಗಟ್ಟಿಮುಟ್ಟಾಗಿದ್ದಾನೆ. ಬಂದವನು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಹನ್ನೊಂದು ಜನ ಬಂದರು. ಅದರ ಮರುದಿನ ನಲವತ್ತು. ವಾರ ಕಳೆಯುವಷ್ಟರಲ್ಲಿ ಮೂಲೆಯ ಅಂಕಿ ಮುನ್ನೂರು ದಾಟಿತು. ಎರಡು ವರ್ಷ ಹಗಲು-ರಾತ್ರಿ ಕನಸು ಕಂಡ ಅಂಕಿ! ಚಾಟ್ ನಿಲ್ಲದೆ ಓಡುತ್ತಿತ್ತು. ನಗು, ಚಪ್ಪಾಳೆ, "ಅಜ್ಜಾರ ಮಾತು ಭಾಳ ಚಲೋ ಅದಾವ್ರಿ." ನನಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಆ ವಾಸನೆ, ಆಗಾಗ ಕುರ್ಚಿಯ ಕಿರ್ರ್, ಅಷ್ಟೇ. ಹಳೆಯ ಫೋನಿನ ಲೈವ್ ನೋಡಿದರೂ, ರೆಕಾರ್ಡಿಂಗ್ ತೆಗೆದು ನೋಡಿದರೂ ಖಾಲಿ ಕುರ್ಚಿ ಮತ್ತು ಪೆಚ್ಚಾಗಿ ಕುಳಿತ ನನ್ನ ಮುಖ. ಲೈವ್ ನೋಡಲು ಬಂದ ಬೇರೆಯವರಿಗೆ ಮಾತ್ರ ಅದು ಕಾಣುತ್ತಿತ್ತು, ಕೇಳುತ್ತಿತ್ತು.

ನಿಲ್ಲಿಸಬೇಕಿತ್ತು. ಹೆದರಿಕೆಯಾಗುತ್ತಿತ್ತು, ಆದರೂ ರಾತ್ರಿ ಹತ್ತಕ್ಕೆ ಬಟ್ಟಲಿಗೆ ಬೆಲ್ಲ ಹಾಕುತ್ತಿದ್ದೆ. ಆಸೆ ಅನ್ನುವುದು ಎಂಥ ನಾಚಿಕೆಗೇಡು ಅಂತ ಆಗ ಗೊತ್ತಾಯಿತು.

ಒಂದು ರಾತ್ರಿ ಧೈರ್ಯ ಮಾಡಿ ನನ್ನದೇ ಏನೋ ಹೇಳತೊಡಗಿದೆ. ಮುನ್ನೂರು ಜನ ಇದ್ದಾರೆ, ಈಗಲಾದರೂ ಕೇಳಲಿ ಅಂತ. ಎರಡು ಮಾತು ಆಡಿರಲಿಲ್ಲ, ಚಾಟ್‌ನಲ್ಲಿ ಬಂತು: "ಅಣ್ಣಾ, ನೀವು ಸ್ವಲ್ಪ ಸುಮ್ಮನ ಇರ್ರಿ. ಅಜ್ಜಾರ ಮಾತು ಕೇಳಸವಲ್ದು."

ಸುಮ್ಮನಾದೆ. ಮುಕ್ಕಾಲು ಗಂಟೆ ನನ್ನ ಚಾನೆಲ್ಲಿನಲ್ಲಿ, ನನ್ನ ಕ್ಯಾಮೆರಾದ ಮುಂದೆ, ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ನನಗೆ ಕೇಳದ ಮಾತಿಗೆ ಮುನ್ನೂರು ಜನ ನಗುವುದನ್ನು ನೋಡುತ್ತಿದ್ದೆ. ಅಳು ಬಂತು, ಯಾರೂ ಗಮನಿಸಲಿಲ್ಲ.

ಕೊನೆಯ ರಾತ್ರಿ ಅಕ್ಕನಿಗೆ ರಜೆ ಇತ್ತು. ಅಡುಗೆಮನೆಯಲ್ಲಿ ಮರುದಿನದ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಪಟ್ ಪಟ್ ಸದ್ದು ಕೇಳುತ್ತಿದ್ದುದರಿಂದ ನನಗೂ ಸ್ವಲ್ಪ ಧೈರ್ಯ. ಹತ್ತೂವರೆಯ ತನಕ ಎಂದಿನಂತೆ ನಗುವೋ ನಗು. ಆಮೇಲೆ ಚಾಟ್ ನಿಧಾನವಾಯಿತು… ಮತ್ತೂ ನಿಧಾನವಾಯಿತು… ಪೂರಾ ನಿಂತಿತು.

ಮುನ್ನೂರು ಜನ ಇದ್ದರು, ಒಬ್ಬರೂ ಏನೂ ಬರೆಯಲಿಲ್ಲ.

ಹಿಂದೆ ಕುರ್ಚಿ ನೆಲಕ್ಕೆ ಉಜ್ಜಿಕೊಂಡು ಸರಿದ ಸದ್ದು. ಗೋಣಿಚೀಲದ ವಾಸನೆ ಮೂಗಿಗೆ ಹತ್ತಿರವಾಯಿತು. ಕುತ್ತಿಗೆಯ ಹಿಂದಿನ ಕೂದಲು ಯಾರೋ ಉಸಿರು ಬಿಟ್ಟಂತೆ ಅಲುಗಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: "ಅಯ್ಯೋ ಪಾಪ." ಅದರ ಕೆಳಗೆ ಇನ್ನೊಬ್ಬರದು: "ಅಣ್ಣಾ, ನಿಮಗ ಹಿಂಗ ಆಗಬಾರದಿತ್ರಿ."

ಅಡುಗೆಮನೆಯ ಪಟ್ ಪಟ್ ಯಾವಾಗ ನಿಂತಿತ್ತೋ ಗೊತ್ತಿಲ್ಲ. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು, ಒಂದು ಕ್ಷಣ ನಿಂತಳು, ನೇರ ಬಂದು ಪ್ಲಗ್ ಕಿತ್ತಳು. ಕೋಣೆ ಕತ್ತಲಾಯಿತು. ಕತ್ತಲಲ್ಲಿ ಕುರ್ಚಿ ಇನ್ನೂ ಕಿರ್ರೆನ್ನುತ್ತಿತ್ತು.

"ಬಂದ್ ಮಾಡಿದ್ರ ಮುಗೀತೇನು?" ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಕರದು ಕೂಡಿಸೀದಿ. ಮರ್ಯಾದಿಲೆ ಕಳಸಬೇಕು."

ದೇವರ ಮುಂದಿದ್ದ ಎಲೆ-ಅಡಿಕೆ ತಂದು ಕುರ್ಚಿಯ ಮೇಲಿಟ್ಟಳು. ಆಸ್ಪತ್ರೆಯಲ್ಲಿ ಹಟ ಹಿಡಿದ ಮುದುಕರನ್ನು ಮಾತಾಡಿಸುವ ದನಿಯಲ್ಲಿ ಹೇಳಿದಳು, "ಸಣ್ಣಾಂವ, ತಿಳೀದ ಕರದಾನ್ರಿ. ತಪ್ಪಾತು. ಇನ್ನ ಏಳ್ರಿ, ಭಾಳ ಹೊತ್ತಾತು." ಬಾಗಿಲು ತೆರೆದು ಕುರ್ಚಿಯನ್ನು ಅಂಗಳಕ್ಕೆ ಒಯ್ದಳು. ಸ್ವಲ್ಪ ಹೊತ್ತಿಗೆ ಕಪ್ಪೆಗಳು ಮತ್ತೆ ಕೂಗತೊಡಗಿದವು.

ಏನು ನೋಡಿದೆ ಅಂತ ಎಷ್ಟು ಕೇಳಿದರೂ ಒಂದೇ ಉತ್ತರ. "ಕುರ್ಚಿ ನಿನ್ನ ಬೆನ್ನಿಗೆ ಹತ್ತಿ ನಿಂತಿತ್ತು. ಅಷ್ಟ."

ಆಮೇಲೆ ನಾಲ್ಕು ರಾತ್ರಿ ಒಬ್ಬನೇ ಲೈವ್ ಬಂದೆ. ಮುನ್ನೂರು ತೊಂಬತ್ತಾಯಿತು, ತೊಂಬತ್ತು ಹನ್ನೆರಡಾಯಿತು, ಕೊನೆಗೆ ಮತ್ತೆ ಮೂರು. ಎಲ್ಲರೂ ಅಜ್ಜಾರೆಲ್ಲಿ ಅಂತಲೇ ಕೇಳಿದರು. ನೀವು ಹೇಗಿದ್ದೀರಿ ಅಂತ ಒಬ್ಬರೂ ಕೇಳಲಿಲ್ಲ. ದೀಪಾವಳಿಗೆ ಇನ್ನೂ ದಿನಗಳಿದ್ದವು, ಕಾಯುವ ಮನಸ್ಸಾಗಲಿಲ್ಲ. ಹೋಟೆಲಿಗೆ ಹೋಗಿ ಹಳೆಯ ಕೆಲಸವನ್ನೇ ಕೇಳಿಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಒಂದು ತಿಂಗಳಾಗಿತ್ತು. ಸಂಜೆ ಕೆಲಸ ಮುಗಿಸಿ ಪಣಜಿಯಿಂದ ಪರ್ವರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಗೌಂಡಿ, ತೊಡೆಯ ಮೇಲೆ ಸಿಮೆಂಟು ಮೆತ್ತಿದ ಚೀಲ. ನನ್ನನ್ನೇ ನೋಡುತ್ತಿದ್ದವನು ಕೊನೆಗೆ ಕೇಳಿದ, "ನೀವು ಆ ಲಾರಿ ಆಟದವರಲ್ರಿ?"

ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಗುರುತು ಹಿಡಿದಿದ್ದರು.

"ಹೌದ್ರಿ!"

"ನಮ್ಮ ಶೆಡ್ಡಿನ್ಯಾಗ ಆರು ಮಂದಿ ಒಂದ ಫೋನಿಗೆ ಮುಕರಿ ನೋಡತಿದ್ವಿ. ಅಜ್ಜಾರು ಎಷ್ಟ ಚಲೋ ಹೇಳತಿದ್ರು!"

ನನ್ನ ಮುಖ ಬಾಡಿತು. ಆದರೂ ಕೇಳಿದೆ, "ಏನ್ರಿ ಹೇಳತಿದ್ರು ಅವರು? ನನಗ ಕೇಳಸ್ತಿರಲಿಲ್ಲ."

ತಮಾಷೆ ಅಂದುಕೊಂಡು ನಕ್ಕ. ನಾನು ನಗದಿದ್ದುದನ್ನು ಕಂಡು ದನಿ ತಗ್ಗಿಸಿದ.

"ನಿಮ್ಮ ವಿಷಯನ ಹೇಳತಿದ್ರಲ್ರಿ. ನೀವು ಸಣ್ಣಾವ್ರಿದ್ದಾಗಿಂದ ಹಿಡದು. ಡಿಚೋಲಿಯೊಳಗ ನಿಂತ ಲಾರಿ ಮ್ಯಾಲ ಮಲಗಿ ಕೆಳಗ ಬಿದ್ದದ್ದು… ಸಾಲ್ಯಾಗ ಕೊಂಕಣಿ ಬರೂದಿಲ್ಲಂತ ಅತ್ತದ್ದು… ನಕ್ಕ ನಕ್ಕ ಸಾಕಾಗತಿತ್ತು ನಮಗ."

ಇವೆರಡನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ.

"ಎಲ್ಲಿತನಕ ಹೇಳಿದ್ರು?" ಅಂತ ಕೇಳಿದೆ.

"ಕಡೀ ದಿನ ಭಾಳ ಮುಂದ ಹೋದ್ರು ನೋಡ್ರಿ. ನಿಮ್ಮ ಚಾನೆಲ್ ಬಂದ್ ಆಗೂದು… ನೀವು ಹೋಟೆಲ್ಲಿಗೆ ಹೋಗೂದು… ಆಮ್ಯಾಲ ಒಂದಿನ ಸಂಜೀಕ ಬಸ್ಸಿನ್ಯಾಗ ಒಬ್ಬ ಗೌಂಡಿ ಸಿಕ್ಕು ನಿಮ್ಮನ್ನ…"

ಅವನು ತೊಡೆಯ ಮೇಲಿದ್ದ ತನ್ನ ಚೀಲವನ್ನು ನೋಡಿದ, ನನ್ನನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಆಮ್ಯಾಲೇನ್ರಿ?"

"ನನಗ ಕೇಳಬ್ಯಾಡ್ರಿ ಯಪ್ಪಾ. ಕೈ ಮುಗೀತೇನಿ." ಎದ್ದು ಜನರನ್ನು ತಳ್ಳಿಕೊಂಡು ಬಾಗಿಲಿಗೆ ಹೋದ. ಮಾಂಡವಿ ಸೇತುವೆ ದಾಟಿ ಬಸ್ಸು ನಿಧಾನವಾದದ್ದೇ ತಡ, ಕತ್ತಲಲ್ಲಿ ಇಳಿದುಬಿಟ್ಟ.

ಮುನ್ನೂರು ಜನಕ್ಕೆ ಗೊತ್ತಿದೆ. ಯಾವ್ಯಾವ ಊರಲ್ಲೋ ಇದ್ದಾರೆ, ಉಂಡು ಮಲಗಿ ಆರಾಮವಾಗಿದ್ದಾರೆ. ಮುಂದೆ ನನಗೇನಾಗುತ್ತದೆ ಅನ್ನುವುದು ನನಗೊಬ್ಬನಿಗೇ ಗೊತ್ತಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಅಕ್ಕನ ಫೋನು ಹಿಟ್ಟಿನ ಡಬ್ಬಿಗೆ ಒರಗಿ ನಿಂತಿತ್ತು. ರೊಟ್ಟಿ ಬಡಿಯುವಾಗ ಏನಾದರೂ ಹಚ್ಚಿಟ್ಟು ಕೇಳುವುದು ಅವಳ ರೂಢಿ. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

"ಅಕ್ಕಾ… ಪ್ಲಗ್ ಕಿತ್ತ ದಿನ ನೀ ನನ್ನ ಲೈವ್ ಹಚ್ಚಿದ್ದೇನು?"

ಅವಳು ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು.

"ಉಣ್ಣು," ಅಂದಳು.

ಮತ್ತೆ ನಾನು ಕೇಳಿಲ್ಲ. ಅವಳೂ ಹೇಳಿಲ್ಲ. ಆದರೆ ಮರುದಿನವೇ ಅಕ್ಕ ರಾತ್ರಿ ಪಾಳಿ ಬಿಟ್ಟಳು. ಈಗ ದಿನವೂ ನಾನು ಮಲಗುವ ತನಕ ಕೋಣೆಯ ಬಾಗಿಲಲ್ಲಿ ಕುಳಿತಿರುತ್ತಾಳೆ. ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದರೆ, ಸದ್ದಾಗದಂತೆ ಅಳುತ್ತಾಳೆ.