ನಾಲ್ಕು ಮೆಟ್ಟಿಲು, ಹದಿಮೂರು ಕೈ

ನಮ್ಮ ಕಟ್ಟಡದಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿ ತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರ ಮೇಲೋ ಗೂಬೆ ಕೂರಿಸಿದೆ ಎಂದಾಗುವುದು ಬೇಡ.

ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ಹದಿನೆಂಟು ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಮೊದಲೆಲ್ಲ ಇಲ್ಲಿ ಅಧ್ಯಕ್ಷರು ಹೇಳಿದ್ದೇ ಶಾಸನ. ಅವರು ಮೂರನೇ ಮಹಡಿಯವರು, ಹಾರ್ಡ್‌ವೇರ್ ಅಂಗಡಿ ಇಟ್ಟವರು. ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೆಳಗಿಳಿದು "ಎಲ್ಲರೂ ಒಪ್ಪಿದಾರೆ" ಎಂದರೆ ಮುಗಿಯಿತು. ಯಾರು ಒಪ್ಪಿದ್ದು, ಯಾವಾಗ ಒಪ್ಪಿದ್ದು ಎಂದು ಕೇಳುವಂತಿರಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ ನನಗೆ ಮೈ ಉರಿಯಿತು. ಜಗಳ ತೆಗೆದೆ. "ಹಂಗಾದ್ರೆ ನೀವೇ ಸೆಕ್ರೆಟರಿ ಆಗ್ಬಿಡಿ ಮಿಸ್" ಎಂದು ಎಲ್ಲರೂ ಸೇರಿ ನನ್ನ ತಲೆಗೇ ಕಟ್ಟಿದರು. ಆದೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಸಭೆ, ಮನೆಗೊಂದು ಮತ. ಒಮ್ಮೆ ಬಿದ್ದುಹೋದ ವಿಷಯವನ್ನು ಆರು ತಿಂಗಳು ಮತ್ತೆ ಎತ್ತುವಂತಿಲ್ಲ. ಈ ನಿಯಮಗಳನ್ನೆಲ್ಲ ನನ್ನ ಕೈಯಾರೆ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದವಳು ನಾನು. ಎಷ್ಟು ಬೀಗಿದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲ ಮಹಡಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ, ನಲವತ್ತರ ಆಸುಪಾಸು, ವಯಸ್ಸಾಗಿ ಓಡಾಡಲಾಗದ ತಾಯಿಯ ಜೊತೆ ಇರುವವಳು. ಕಳೆದ ವರ್ಷ ಬನ್ನೇರುಘಟ್ಟ ರಸ್ತೆಯಲ್ಲಿ ಅವಳ ಸ್ಕೂಟರಿಗೆ ಹಿಂದಿನಿಂದ ಗಾಡಿಯೊಂದು ಗುದ್ದಿತು. ಕಾಲುಗಳಲ್ಲಿ ಶಕ್ತಿ ಉಳಿಯಲಿಲ್ಲ. ವರ್ಷವಿಡೀ ಮನೆಯಲ್ಲೇ ಫಿಸಿಯೋಥೆರಪಿ ಮಾಡಿಸಿಕೊಂಡು, ಗಾಲಿಕುರ್ಚಿ ಅಭ್ಯಾಸ ಮಾಡಿಕೊಂಡಳು. ನಾಲ್ಕನೇ ಬ್ಲಾಕಿನ ಅವಳ ಆಫೀಸಿನವರು ಬರುವ ತಿಂಗಳ ಎರಡನೇ ಸೋಮವಾರ ಕೆಲಸಕ್ಕೆ ಬನ್ನಿ ಎಂದಿದ್ದರು. ದಿನವೂ ಬರಲು ಒಬ್ಬ ಆಟೋದವನೂ ಒಪ್ಪಿದ್ದ. ಉಳಿದಿದ್ದು ಒಂದೇ ತೊಡಕು. ನಮ್ಮ ಲಿಫ್ಟು ಪಾರ್ಕಿಂಗ್ ಮಟ್ಟಕ್ಕೆ ಇಳಿಯುವುದಿಲ್ಲ. ಲಿಫ್ಟಿನ ಬಾಗಿಲಿಗೂ ಪಾರ್ಕಿಂಗಿಗೂ ನಡುವೆ ನಾಲ್ಕು ಮೆಟ್ಟಿಲು. ಆ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಿಕೊಳ್ಳಲಾ, ಖರ್ಚು ನನ್ನದೇ ಎಂದು ಅವಳು ಅಧ್ಯಕ್ಷರನ್ನು ಕೇಳಿದಳು.

ಅವರು ಆಗಲೇ ಒಪ್ಪಿದ್ದರು. "ಹಾಕ್ಸ್ಕೊಳಮ್ಮ, ಅದಕ್ಕೇನಂತೆ. ಮೇಸ್ತ್ರಿನ ನಾನೇ ಕಳಿಸ್ತೀನಿ" ಎಂದಿದ್ದರು.

ತಡೆದವಳು ನಾನು. "ಹಾಗೆಲ್ಲ ಒಬ್ಬರೇ ಹೇಳೋ ಹಾಗಿಲ್ಲ ಸಾರ್. ಕಾಮನ್ ಜಾಗ ಅದು. ಸಭೆಗೆ ಬರ್ಲಿ, ಎಲ್ಲರೂ ಹ್ಞೂಂ ಅಂತಾರೆ" ಎಂದೆ. ಎಲ್ಲರೂ ಹ್ಞೂಂ ಅನ್ನುತ್ತಾರೆ ಎಂದು ನಿಜವಾಗಿಯೂ ನಂಬಿದ್ದೆ. ಅವಳು ಆಸ್ಪತ್ರೆಯಲ್ಲಿದ್ದಾಗ ಸರದಿಯಂತೆ ಊಟ ಕೊಟ್ಟುಬಂದ ಜನ ಇವರು.

ಆ ಭಾನುವಾರ ಟೆರೇಸಿನಲ್ಲಿ ಎಳೆಬಿಸಿಲು, ಫ್ಲಾಸ್ಕಿನಲ್ಲಿ ಕಾಫಿ. ಹದಿನೇಳು ಮನೆಯವರು ಬಂದಿದ್ದರು. ನಾನು ವಿಷಯ ಓದಿದೆ.

"ಅಲ್ಲಿ ನಮ್ಮ ಎರಡು ಸ್ಕೂಟರ್ ನಿಲ್ಸ್ತೀವಿ ಮಿಸ್. ಅವನ್ನೇನು ತಲೆ ಮೇಲೆ ಇಟ್ಕೊಳ್ಳೋದಾ?" ಎಂದರು ಒಬ್ಬರು.

"ಗಣೇಶನ್ನ ಕೂರ್ಸೋದೂ ಅಲ್ಲೇ ಅಲ್ವಾ?" ಎಂದರು ಇನ್ನೊಬ್ಬರು.

ಎರಡನೇ ಮಹಡಿಯವನು ಐಟಿ ಕಂಪನಿಯಲ್ಲಿ ಕೆಲಸ ಮಾಡುವವನು, ಮಾತು ಬಲ್ಲವನು. "ಒಬ್ಬರಿಗೋಸ್ಕರ ಎಂಟ್ರೆನ್ಸ್ ಲುಕ್ಕೇ ಹೋಗ್ಬಿಡುತ್ತೆ ಮಿಸ್. ವಾಚ್‌ಮನ್ ಇದಾನೆ, ನಾವೆಲ್ಲ ಇದೀವಿ. ಕರೆದ್ರೆ ಎತ್ತಿ ಇಳಿಸಲ್ವಾ?" ಎಂದ. ಆ ಮಾತು ಎಲ್ಲರಿಗೂ ಬೆಣ್ಣೆ ಸವರಿದ ಹಾಗೆ ಹಿತವಾಯಿತು. ಬೇಡ ಎಂದೂ ಆಯಿತು, ಒಳ್ಳೆಯವರೆಂದೂ ಆಯಿತು.

ಕೈ ಎತ್ತಿಸಿದೆ. ಬೇಡ ಎಂದು ಹದಿಮೂರು, ಬೇಕು ಎಂದು ಮೂರು. ಅಧ್ಯಕ್ಷರ ಕೈ ಹದಿಮೂರರಲ್ಲಿತ್ತು, ನನ್ನ ಕಡೆ ನೋಡುತ್ತಲೇ ಎತ್ತಿದರು. ಕಾರ್ಯದರ್ಶಿ ತಟಸ್ಥರಾಗಿರಬೇಕೆಂದು ನಾನು ಕೈ ಎತ್ತಲಿಲ್ಲ. ನಡಾವಳಿ ಪುಸ್ತಕದಲ್ಲಿ "ಬಹುಮತದಿಂದ ತಿರಸ್ಕೃತ" ಎಂದು ಬರೆದು, ಅವಳ ಮನೆ ನಂಬರಿನ ಮುಂದೆ "ಗೈರುಹಾಜರು" ಎಂದು ಗುರುತು ಹಾಕಿದೆ. ಅಕ್ಷರ ದುಂಡಗೇ ಬಂದಿತ್ತು.

ಫಲಿತಾಂಶ ಹೇಳಲು ಅವಳ ಮನೆಗೆ ಹೋದೆ. ಕೇಳಿಸಿಕೊಂಡಳು. "ನನ್ನದೊಂದು ಮಾತು ಕೇಳ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ವಾ ಮಿಸ್?" ಎಂದಳು.

"ನೀನು ಬರಬಹುದಿತ್ತಲ್ಲಮ್ಮ. ನೋಟಿಸ್ ಹಾಕಿದ್ದೆ."

"ಟೆರೇಸ್‌ಗಾ?"

ನಮ್ಮ ಲಿಫ್ಟು ನಾಲ್ಕನೇ ಮಹಡಿಗೆ ನಿಲ್ಲುತ್ತದೆ. ಅಲ್ಲಿಂದ ಟೆರೇಸಿಗೆ ಹದಿನೆಂಟು ಮೆಟ್ಟಿಲು. ಪ್ರತಿ ತಿಂಗಳೂ ಮಂಡಿ ಹಿಡಿದುಕೊಂಡು ಹತ್ತುವವಳು ನಾನು, ನನಗೇ ಹೊಳೆದಿರಲಿಲ್ಲ. ಅಲ್ಪಸಂಖ್ಯಾತರ ಹಕ್ಕುಗಳನ್ನು ಏಕೆ ರಕ್ಷಿಸಬೇಕು ಎಂಬ ಪ್ರಶ್ನೆಯನ್ನು ಎಷ್ಟು ಪರೀಕ್ಷೆಗಳಲ್ಲಿ ಕೇಳಿದ್ದೆನೋ. ಒಂದು ಅಂಶ ಬಿಟ್ಟರೂ ಮಕ್ಕಳಿಗೆ ಅರ್ಧ ಅಂಕ ಕತ್ತರಿಸುತ್ತಿದ್ದೆ. ನನ್ನ ಉತ್ತರಪತ್ರಿಕೆ ನಾನೇ ತಿದ್ದಿದ್ದರೆ ಸೊನ್ನೆ ಹಾಕಬೇಕಿತ್ತು. ಒಬ್ಬಳು ತನ್ನ ಮನೆಯಿಂದ ಹೊರಗೆ ಹೋಗಬಹುದೇ ಎಂಬುದು ಹದಿನೇಳು ಮನೆಯವರು ಕೈ ಎತ್ತಿ ತೀರ್ಮಾನಿಸುವ ವಿಷಯವೇ ಅಲ್ಲ. ಅಷ್ಟು ಸಣ್ಣ ವಿಷಯ ನನಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ, ಅವಳ ಹೊಸ್ತಿಲಲ್ಲಿ ಅರ್ಥವಾಯಿತು.

ಅಂದೇ ಮೂರನೇ ಮಹಡಿಗೆ ಹೋಗಿ ಅಧ್ಯಕ್ಷರ ಮುಂದೆ ನಿಂತೆ. ಮತ್ತೆ ಸಭೆ ಕರೆಯೋಣ, ಈ ಸಲ ಕೆಳಗೆ, ಲಿಫ್ಟಿನ ಮುಂದೆ ಎಂದೆ.

"ಆರು ತಿಂಗಳು ಆಗ್ಬೇಕಲ್ಲ ಮಿಸ್. ನೀವೇ ಬರೆದಿರೋ ರೂಲು" ಎಂದರು. ವ್ಯಂಗ್ಯವಿತ್ತೋ ಇಲ್ಲವೋ ಗೊತ್ತಾಗಲಿಲ್ಲ. "ನನ್ನ ಪಾಡಿಗೆ ಬಿಟ್ಟಿದ್ರೆ ಅವತ್ತೇ ಹಾಕ್ಸ್ಬಿಡ್ತಿದ್ದೆ."

ಅದು ನಿಜ. ಅದೇ ನನ್ನ ಹೊಟ್ಟೆ ಉರಿಸಿದ್ದು. ಮನೆಮನೆಗೆ ಹೋಗಿ ಗೋಗರೆದೆ. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು, "ಪಾಪ" ಎಂದರು, "ವೋಟಿಂಗ್ ಆಗೋಯ್ತಲ್ಲ ಮಿಸ್" ಎಂದರು. ಒಬ್ಬರಾದರೂ ಕೆಟ್ಟವರಾಗಿದ್ದರೆ ಬೈಯುವುದಕ್ಕಾದರೂ ಆಗುತ್ತಿತ್ತು.

ಅವಳು ಕೆಲಸಕ್ಕೆ ಹೋಗಬೇಕಾದ ಸೋಮವಾರ ಬಂತು. ವಾಚ್‌ಮನ್ ಮದುವೆಗೆಂದು ಊರಿಗೆ ಹೋಗಿದ್ದ. ಆಟೋ ಗೇಟಿನ ಮುಂದೆ ನಿಂತಿತ್ತು. ಪಾರ್ಕಿಂಗಿನಲ್ಲಿ ನಮ್ಮವರೇ ಆರೇಳು ಜನ ಕ್ಯಾಬಿಗೆ, ಸ್ಕೂಲ್ ವ್ಯಾನಿಗೆ ಕಾಯುತ್ತಿದ್ದರು. ಎರಡನೇ ಮಹಡಿಯವನು ಫೋನು ನೋಡುತ್ತಿದ್ದ. ಅವಳು ಲಿಫ್ಟಿನಿಂದ ಹೊರಗೆ ಬಂದು ಮೆಟ್ಟಿಲ ಅಂಚಿಗೆ ಕುರ್ಚಿ ನಿಲ್ಲಿಸಿದಳು. ಯಾರನ್ನೂ ಕರೆಯಲಿಲ್ಲ. ಕೈಚೀಲವನ್ನು ಕೊರಳಿಗೆ ಹಾಕಿಕೊಂಡು, ಕುರ್ಚಿಯಿಂದ ನೆಲಕ್ಕೆ ಜಾರಿ, ಕೈ ಊರಿ ಊರಿ, ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಒಂದೊಂದೇ ಮೆಟ್ಟಿಲು ಕೂತುಕೊಂಡು ಇಳಿದಳು. ನಾನು ಓಡಿಹೋಗಿ ತೋಳು ಹಿಡಿಯಲು ನೋಡಿದೆ. "ಬೇಡ ಮಿಸ್, ಕುರ್ಚಿ ಇಳಿಸಿಕೊಡಿ ಸಾಕು" ಎಂದಳು. ಆಟೋದವನೂ ನಾನೂ ಸೇರಿ ಇಳಿಸಿದೆವು.

ಕುರ್ಚಿ ಹತ್ತಿ ಕೂತು, ಬಟ್ಟೆಯ ಧೂಳು ಕೊಡವಿಕೊಂಡು, ಅವಳು ನನ್ನ ಕಡೆ ತಿರುಗಿದಳು. ಎಲ್ಲರಿಗೂ ಕೇಳುವ ಹಾಗೆ, ಆದರೆ ದನಿ ಏರಿಸದೆ ಹೇಳಿದಳು: "ಇಳಿಯೋದು ಹೆಂಗೋ ಆಯ್ತು. ಸಂಜೆ ಆರಕ್ಕೆ ಬರ್ತೀನಿ. ಹತ್ತಿಸೋಕೆ ಇಬ್ಬರು ಬೇಕಾಗುತ್ತೆ. ಯಾರು ಬರ್ತಾರೆ ಅಂತ ಕೈ ಎತ್ತಿಸಿ ನೋಡಿ ಮಿಸ್."

ಸಂಜೆ ಐದೂ ಮುಕ್ಕಾಲಿಗೇ ಹೋಗಿ ಮೆಟ್ಟಿಲ ಹತ್ತಿರ ನಿಂತೆ. ಆರಾಯಿತು, ಆಟೋ ಗೇಟಿನೊಳಗೆ ಬಂತು. ನಾನೊಬ್ಬಳೇ ಇದ್ದೆ.