ದೋಣಿ ದಡ ಬಿಟ್ಟ ಮೇಲಿನ ಸಂಗೀತ

ನಾನು ಪಾಠ ಹೇಳುವ ಧಾರವಾಡದ ಕಾಲೇಜಿನಲ್ಲಿ ಹೋದ ತಿಂಗಳು ಸಭಾಂಗಣದ ಹಳೆಯ ಪರದೆಯನ್ನು ಇಳಿಸಿದರು. ದಪ್ಪ ಹಸಿರು ಬಟ್ಟೆ, ಇಬ್ಬರು ಹಿಡಿದರೂ ಮಡಚಲು ಬಗ್ಗುತ್ತಿರಲಿಲ್ಲ. ಒಂದು ತುದಿಯನ್ನು ನಾನು ಹಿಡಿದಿದ್ದೆ. ಧೂಳು, ತಲೆಗೆ ಹಚ್ಚುವ ಎಣ್ಣೆ, ವರ್ಷಗಟ್ಟಲೆ ಜನರ ಉಸಿರು ಕುಳಿತು ಹಳಸಿದಂಥ ಒಂದು ವಾಸನೆ ಅದರಿಂದ ಎದ್ದಿತು. ನನ್ನ ಕೈ ತಾನಾಗಿ ನಿಂತಿತು. ಆಚೆ ತುದಿಯಲ್ಲಿದ್ದ ಸಹೋದ್ಯೋಗಿ “ಭಾರ ಆತೇನ್ರಿ?” ಎಂದು ಕೇಳಿದರು. ಇಲ್ಲವೆಂದೆ. ಬೀದರಿನ ಟಾಕೀಸಿನಲ್ಲಿ ಹೆಂಗಸರ ಜಾಗಕ್ಕೆ ಹಾಕಿದ್ದ ಜನಾನಾ ಪರದೆಗೂ ಇದೇ ವಾಸನೆ ಇತ್ತೆಂದು ಅವರಿಗೆ ಹೇಳಿ ಏನಾಗಬೇಕಿತ್ತು...

ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಸಣ್ಣ ಹುಡುಗಿ. ಅಪ್ಪ ಔರಾದ ಕಡೆಯ ಸಂತಪುರದಿಂದ ಕಚೇರಿ ಕೆಲಸಕ್ಕೆಂದು ಬಂದು, ಚೌಬಾರಾದ ಹಿಂದಿನ ಓಣಿಯಲ್ಲಿ ಮನೆ ಹಿಡಿದಿದ್ದರು. ನಮ್ಮ ಅಂಗಳಕ್ಕೂ ಪಕ್ಕದ ಅಂಗಳಕ್ಕೂ ನಡುವೆ ಕೆಂಪು ಕಲ್ಲಿನ ಒಂದು ಗೋಡೆ ಇತ್ತು. ಆ ಪಕ್ಕದ ಮನೆಯಲ್ಲಿ ಹೆಣ್ಣುಮಕ್ಕಳ ಸಾಲೆಯ ಉರ್ದು ಶಿಕ್ಷಕಿಯೊಬ್ಬರು ಒಬ್ಬರೇ ಇದ್ದರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಓಣಿಯವರೆಲ್ಲ ಅವರನ್ನು ಉಸ್ತಾನಿಮಾ ಎನ್ನುತ್ತಿದ್ದರು. ನಮಗೂ ಅವರು ಉಸ್ತಾನಿಮಾನೇ.

ಅವರಿಗೆ ಸಿನಿಮಾದ ಹುಚ್ಚು. ಆದರೆ ಓಣಿಯ ಉಳಿದ ಹೆಂಗಸರಿಗಿದ್ದಂಥ ಹುಚ್ಚಲ್ಲ. ಕಥೆ ಹೇಳಿ ಎಂದರೆ ಮರೆತಿದ್ದೇನೆ ಎನ್ನುತ್ತಿದ್ದರು. ಹಾಡು ಶುರುವಾದರೆ ಎಲೆ ಅಡಿಕೆಯ ಚೀಲ ಬಿಚ್ಚುತ್ತಿದ್ದರು. ಯಾರೂ ಮಾತಾಡದೆ, ಯಾರೂ ಹಾಡದೆ ಹಿಂದೆ ವಾದ್ಯಗಳಷ್ಟೇ ನುಡಿಯುವ ಹೊತ್ತು ಬಂದಾಗ ಮಾತ್ರ ಚೀಲ ಮುಚ್ಚಿ, ಕಣ್ಣನ್ನೂ ಮುಚ್ಚಿ ಕೂರುತ್ತಿದ್ದರು. ದುಡ್ಡು ಕೊಟ್ಟು ಬಂದು ಕಣ್ಣು ಮುಚ್ಚುವುದು ಯಾಕೆಂದು ನಾನೊಮ್ಮೆ ಕೇಳಿದೆ. “ಕಣ್ಣು ಬಿಟ್ರ ಕಿವಿ ಮಕ್ಕೋತದ, ಬೇಟಿ,” ಎಂದರು.

ವಾದ್ಯಗಳ ಹೆಸರು ಅವರಿಗೆ ಗೊತ್ತಿರಲಿಲ್ಲ. ಎಲ್ಲಕ್ಕೂ ನೆಂಟಸ್ತಿಕೆ ಹಚ್ಚಿದ್ದರು. ಒಟ್ಟಾಗಿ ಏಳುವ ಪಿಟೀಲುಗಳು ಸೊಸೆಯಂದಿರು. ಕೆಳದನಿಯಲ್ಲಿ ಗೊಣಗುವ ದೊಡ್ಡ ತಂತಿವಾದ್ಯ ಅಜ್ಜ. ಕೊಳಲು ತವರಿಗೆ ಬಂದ ಮಗಳು. ಕ್ಲಾರಿಯೊನೆಟ್ಟು ಮನೆ ಅಳಿಯ. “ಅಂವ ನೋಡು, ಎಲ್ಲಾರ ಊಟ ಆದ ಮ್ಯಾಲ ಮೆಲ್ಲಕ ಬರ್ತಾನ,” ಎಂದು ಕತ್ತಲಲ್ಲಿ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಹೀಗೆ ಯಾರು ಯಾವಾಗ ಬಂದರು, ಯಾರು ಯಾರಿಗೆ ಎದುರು ಮಾತಾಡಿದರು, ಯಾರು ಸುಮ್ಮನಾದರು ಎಂದು ಕೇಳಿಸಿಕೊಳ್ಳುವುದನ್ನು ನಾನು ಅವರಿಂದ ಕಲಿತೆ. ಮುಂದೆ ವಿಶ್ವವಿದ್ಯಾಲಯದಲ್ಲಿದ್ದಾಗ, ಪ್ರಾಧ್ಯಾಪಕರೊಬ್ಬರ ಮನೆಯಲ್ಲಿ ಪಶ್ಚಿಮದ ದೊಡ್ಡ ವಾದ್ಯಮೇಳದ ರೆಕಾರ್ಡನ್ನು ಮೊದಲ ಸಲ ಕೇಳಿದೆ. ಉಳಿದವರಿಗೆಲ್ಲ ಅದು ಗದ್ದಲವೆನಿಸಿತು. ನನಗೆ ಅದು ಪರಿಚಯದ ತುಂಬಿದ ಮನೆಯಾಗಿತ್ತು.

ರಾಜ್ಯ ಬದಲಾದ ಮೇಲೆ ಸಾಲೆಯಲ್ಲಿ ಉರ್ದು ತರಗತಿಗಳು ಕಡಿಮೆಯಾಗುತ್ತ ಬಂದವು. ಉಸ್ತಾನಿಮಾ ಮಾತಾಡುವ ಕನ್ನಡ ನಮ್ಮಷ್ಟೇ ಚೆನ್ನಾಗಿತ್ತು, ಬರೆಯಲು ಮಾತ್ರ ಬರುತ್ತಿರಲಿಲ್ಲ. ಸಂಜೆ ತಮ್ಮ ಅಂಗಳದಲ್ಲಿ ಪಾಟಿ ಇಟ್ಟುಕೊಂಡು ನನ್ನ ಹತ್ತಿರ ಅಕ್ಷರ ತಿದ್ದಿದರು. ಬಲಗಡೆಯಿಂದ ಬರೆದು ರೂಢಿಯಾದ ಕೈ ಎಡಗಡೆ ಹೋಗಿ ನಿಲ್ಲಲೊಲ್ಲದು. ಕೆಲವು ತಿಂಗಳ ನಂತರ, ಇದರಲ್ಲಿ ಮಕ್ಕಳಿಗೆ ಪಾಠ ಮಾಡಲು ತಮ್ಮಿಂದಾಗದು ಎಂದು ತಾವೇ ಪಾಟಿ ಒರೆಸಿ ಇಟ್ಟರು. ಹೈದರಾಬಾದಿನಲ್ಲಿದ್ದ ಅವರ ಅಣ್ಣ ಅಲ್ಲಿನ ಸಾಲೆಯೊಂದಕ್ಕೆ ಹೋಗುವ ವ್ಯವಸ್ಥೆ ಮಾಡಿದರು. ಇರುವುದು ಅಣ್ಣನ ಮನೆಯಲ್ಲೇ. ಆ ಅಣ್ಣ ಬಹಳ ಕಟ್ಟುನಿಟ್ಟು. ಅವರ ಮನೆಯ ಹೆಂಗಸರು ಟಾಕೀಸಿನ ಮೆಟ್ಟಿಲು ಹತ್ತುವಂತಿರಲಿಲ್ಲ, ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ.

ಆಗಲೇ ಆ ದೋಣಿಯ ಸಿನಿಮಾ ಬಂದದ್ದು.

ಅದರಲ್ಲಿ, ನಡುವೆ ಒಂದು ಕಡೆ, ಮದುವೆಯಾದ ಹುಡುಗಿ ತವರು ಬಿಟ್ಟು ದೋಣಿಯಲ್ಲಿ ಹೊಳೆ ದಾಟುತ್ತಾಳೆ. ದೋಣಿ ದಡ ಬಿಡುತ್ತದೆ, ದೂರವಾಗುತ್ತದೆ, ಚುಕ್ಕೆಯಾಗುತ್ತದೆ. ಮಾತಿಲ್ಲ, ಹಾಡಿಲ್ಲ. ಅಷ್ಟು ಹೊತ್ತೂ ವಾದ್ಯಗಳೇ. ಮೊದಲನೆಯ ದಿನ ಉಸ್ತಾನಿಮಾ ಒಬ್ಬರೇ ಹೋಗಿ ಅದನ್ನು ಕೇಳಿ ಬಂದರು. ಮರುದಿನ ಗೋಡೆಯ ಹತ್ತಿರ ನಿಂತು, ಒಮ್ಮೆ ಸೊಸೆಯಂದಿರ ದನಿಯಲ್ಲಿ, ಒಮ್ಮೆ ಅಜ್ಜನ ದನಿಯಲ್ಲಿ ಗುನುಗಿ ತೋರಿಸಿದರು. ನಡುವಿನ ಒಂದು ತುಣುಕು ನೆನಪಿಗೆ ಬರಲಿಲ್ಲ. ಅಲ್ಲಿಗೆ ಬಂದು ನಿಲ್ಲುತ್ತಿದ್ದರು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು... ಇನ್ನೊಮ್ಮೆ ಕೇಳಿದರೆ ಸಿಕ್ಕೀತೆಂದು ನನ್ನನ್ನೂ ಕರೆದುಕೊಂಡು ಹೋದರು. ಆದರೆ ದೋಣಿ ದಡ ಬಿಟ್ಟದ್ದೇ ದೀಪ ಹತ್ತಿತು. ಇಂಟರ್‌ವಲ್. ಉಸ್ತಾನಿಮಾ ಕಣ್ಣು ತೆರೆದು, ಯಾರೋ ಕೈಯಿಂದ ತಟ್ಟೆ ಕಸಿದುಕೊಂಡವರಂತೆ ಸುತ್ತ ನೋಡಿದರು.

ಆ ಟಾಕೀಸಿನ ಆಪರೇಟರು ನನ್ನ ಸೋದರಮಾಮ. ಭಾಲ್ಕಿಯವನು, ಊಟ ನಮ್ಮ ಮನೆಯಲ್ಲೇ. ಅವನು ಅಂಗಳದಲ್ಲಿ ಊಟಕ್ಕೆ ಕೂತಾಗ ಉಸ್ತಾನಿಮಾ ಗೋಡೆಯಾಚೆಯಿಂದ ಮಾತಾಡುತ್ತಿದ್ದರು. ಮುಖ ಕಾಣುತ್ತಿರಲಿಲ್ಲ.

“ಬೇಟಾ, ದೋಣಿ ಎಲ್ಲಿ ಒಯ್ದು ಮುಳುಗಿಸಿದಿ?”

ಮಾಮ ರೊಟ್ಟಿ ಮುರಿಯುತ್ತ ನಕ್ಕ. “ಮುಳುಗಿಲ್ಲರಿ ಉಸ್ತಾನಿಮಾ. ಕತ್ತರಿಸಿ ಡಬ್ಬ್ಯಾಗ ಇಟ್ಟೇನಿ.”

“ಡಬ್ಬ್ಯಾಗಿಟ್ರ ಯಾರು ಕೇಳಬೇಕು? ಇಲಿಗೋಳೇನು?”

“ಕೇಳ್ಲಕ ಅದ್ರಾಗ ಏನದರಿ? ಒಬ್ಬಾಕಿ ಕುಂತಾಳ, ಒಬ್ಬಾಂವ ಹುಟ್ಟು ಹಾಕ್ತಾನ. ಮೊದಲನೇ ದಿನ ಪೂರಾ ಹಾಕಿದ್ದಕ್ಕ ಆಟ ಬಿಡೂದು ತಡಾ ಆತು, ಸಂತಪುರದವರ ಕಡೀ ಬಸ್ಸು ತಪ್ತು. ಸ್ಟ್ಯಾಂಡಿನಾಗ ಮಕ್ಕೊಂಡು, ಮುಂಜಾನಿ ಬಂದು ಮಾಲಕರಿಗಿ ಬೈದ್ರು. ಮಾಲಕರು ನನಗ ಬೈದ್ರು. ನಾ ಕತ್ರಿ ತಗೊಂಡೆ.”

“ಸಂತಪುರದವರಿಗಿ ಏನೂ ಅನ್ನಬ್ಯಾಡ ತಮ್ಮಾ, ನನ್ನ ಗಂಡನ ಊರದು,” ಎಂದು ಅವ್ವ ಒಲೆಯ ಮುಂದಿನಿಂದ ಅಂದಳು. “ಅವರು ಬಸ್ ಬಿಟ್ಟಾರು, ಬೈಯೂದು ಬಿಡಂಗಿಲ್ಲ.”

ಎಲ್ಲರೂ ನಕ್ಕರು. ಗೋಡೆಯಾಚೆಯ ನಗು ಮೊದಲು ನಿಂತಿತು.

“ಒಂದೇ ಸಲ, ಬೇಟಾ. ಅಣ್ಣನ ಮನಿಗಿ ಹೋದ ಮ್ಯಾಲ ನನಗ ಟಾಕೀಸ್ ಇಲ್ಲ. ನಡುವಿಂದು ನೆನಪಾಗವಲ್ದು. ಅದೊಂದು ಪೂರಾ ಕೇಳಿ ಹೋಗ್ತೇನಿ.”

ಮಾಮ ರೊಟ್ಟಿಯನ್ನು ತಟ್ಟೆಗಿಟ್ಟು ಬೆರಳ ಮೇಲೆ ದಿನ ಎಣಿಸಿದ. ಆಮೇಲೆ, “ಶುಕ್ರವಾರ ಮಧ್ಯಾಹ್ನದ ಆಟಕ್ಕ ಬರ್ರಿ. ಮಧ್ಯಾಹ್ನ ಬಸ್ಸಿನ ತ್ರಾಸಿಲ್ಲ. ಮಾಲಕರು ಅವತ್ತು ಭಾಲ್ಕಿಗಿ ಹೋಗೋರಿದ್ದಾರ. ನಾ ಕೂಡಿಸಿ ಇಡ್ತೇನಿ,” ಎಂದ.

ಜನಾನಾ ಹೇಗಿತ್ತೆಂದು ಈಗಿನವರಿಗೆ ಹೇಳಬೇಕು. ಗಂಡಸರ ಬೆಂಚುಗಳ ಹಿಂದೆ, ಎತ್ತರದ ಕಟ್ಟೆಯ ಮೇಲೆ ಹೆಂಗಸರ ಜಾಗ. ಅದರ ಮುಂದೆ ಉದ್ದಕ್ಕೂ ಒಂದು ಹಸಿರು ಪರದೆ. ದೀಪ ಆರಿದ ಮೇಲೆ ಅದನ್ನು ಸರಿಸುತ್ತಿದ್ದರು, ದೀಪ ಹತ್ತುವ ಮೊದಲು ಎಳೆದುಬಿಡುತ್ತಿದ್ದರು. ಹೆಂಗಸರ ಮೇಲೆ ಬೆಳಕೂ ಗಂಡಸರ ಕಣ್ಣೂ ಒಟ್ಟಿಗೆ ಬೀಳಬಾರದು. ಈ ಕೆಲಸಕ್ಕೆ ಒಬ್ಬ ವಯಸ್ಸಾದ ಹೆಂಗಸಿದ್ದಳು. ಯಾವ ಸಿನಿಮಾದಲ್ಲಿ ಯಾವುದಾದ ಮೇಲೆ ಇಂಟರ್‌ವಲ್ ಎಂದು ಎರಡು ಆಟ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ತನ್ನ ಕಾಲದಲ್ಲಿ ಒಬ್ಬ ಹೆಣ್ಣುಮಗಳೂ ಬೆಳಕಿಗೆ ಸಿಕ್ಕಿಲ್ಲ ಎಂಬುದು ಅವಳ ಹೆಮ್ಮೆ.

ಶುಕ್ರವಾರ ಉಸ್ತಾನಿಮಾ ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದು ಬಂದರು. ಎಲೆ ಅಡಿಕೆಯ ಚೀಲ ತಂದಿರಲಿಲ್ಲ. ನಡುವಿನ ಸಾಲಿನಲ್ಲಿ ಕೂತೆವು. ಕಥೆ ನಡೆಯಿತು, ಹಾಡುಗಳು ಬಂದುಹೋದವು. ಹುಡುಗಿ ದೋಣಿಯಲ್ಲಿ ಕೂತಳು. ಉಸ್ತಾನಿಮಾ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ದೋಣಿ ದಡ ಬಿಟ್ಟಿತು, ಪಿಟೀಲುಗಳು ಒಟ್ಟಿಗೆ ಎದ್ದವು.

ಪರದೆಯ ಬಳೆಗಳು ಖಣಖಣ ಎಂದವು. ಆ ಹೆಂಗಸು, ಪ್ರತಿ ಆಟದಲ್ಲಿ ಎಳೆದ ಹಾಗೆಯೇ, ಈ ತುದಿಯಿಂದ ಆ ತುದಿಯವರೆಗೆ ಪರದೆ ಎಳೆದುಬಿಟ್ಟಳು.

ಇಂಟರ್‌ವಲ್ ಆಯಿತೆಂದು ಹೆಂಗಸರೆಲ್ಲ ಒಮ್ಮೆಲೇ ಎದ್ದರು. ಕೂಸುಗಳು ಎಚ್ಚರಾಗಿ ಅತ್ತವು. ಶೇಂಗಾ ಮಾರುವವಳು ಬುಟ್ಟಿ ಹೊತ್ತು ಒಳಗೆ ಬಂದಳು. ಆ ಗದ್ದಲದಲ್ಲಿ ಪಿಟೀಲುಗಳು ಮುಳುಗಿಹೋದವು. “ಏ, ಬತ್ತಿ ಹಚ್ರೋ! ಆಪರೇಟರ ಮಕ್ಕೊಂಡಾನೇನ?” ಎಂದು ಯಾರೋ ಕೂಗಿದರು. ಇನ್ನೊಬ್ಬಳು, “ಅಂವ ದೋಣ್ಯಾಗಿನಾಕಿ ಸಂಗಟ ಹೊಂಟಾನ ಬಿಡ,” ಎಂದದ್ದಕ್ಕೆ ಎಲ್ಲ ಕಡೆ ನಗು. ಉಸ್ತಾನಿಮಾ “ಚುಪ್, ಚುಪ್ ಇರ್ರಿ, ಇನ್ನಾ ಮುಗ್ದಿಲ್ಲ,” ಎಂದರು. ಸಾಲೆಯಲ್ಲಿ ಅಷ್ಟೊಂದು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದ ದನಿ ಅದು, ಅಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ.

ನಾನು ಓಡಿಹೋಗಿ ಪರದೆಯವಳ ಸೆರಗು ಜಗ್ಗಿದೆ. “ಪರದಾ ತೆಗೀರಿ, ಇಂಟರ್‌ವಲ್ ಅಲ್ಲ, ಇವತ್ತ ಪೂರಾ ಹಾಕ್ಯಾರ!”

“ನೀ ಹುಟ್ಟೂ ಮೊದಲಿಂದ ಪರದಾ ಎಳೀಲಕತ್ತೇನಿ. ದೋಣಿ ಹೋತಂದ್ರ ಇಂಟರ್‌ವಲ್. ನನಗ ಹೇಳ್ಲಕ ಬಂದಾಳ, ಆಪರೇಟರನ ಅಕ್ಕನ ಮಗಳು!” ಎಂದು ಅವಳು ಪರದೆಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ನಾನು ಕೆಳಗೆ ಬಗ್ಗಿ ಅಂಚನ್ನೆತ್ತಿ ನೋಡಿದೆ. ದೂರದಲ್ಲಿ ಒಂದು ಚುಕ್ಕೆ ಇತ್ತು. ಆಮೇಲೆ ಅದೂ ಇರಲಿಲ್ಲ. ದೀಪ ಹತ್ತಿತು.

ತಿರುಗಿ ನೋಡಿದರೆ, ಎದ್ದು ನಿಂತ ಹೆಂಗಸರ ನಡುವೆ ಉಸ್ತಾನಿಮಾ ಒಬ್ಬರೇ ಕೂತಿದ್ದರು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

ಸಂಜೆ ಮಾಮ ಊಟಕ್ಕೆ ಕೂರುವ ಮೊದಲೇ ಗೋಡೆಯ ಹತ್ತಿರ ಹೋದ. ಅಷ್ಟು ಖುಷಿಯಲ್ಲಿ ನಾನು ಅವನನ್ನು ನೋಡಿರಲಿಲ್ಲ. “ಕೇಳಿದ್ರೇನ್ರಿ ಉಸ್ತಾನಿಮಾ? ಒಂದು ತುಣುಕೂ ಬಿಟ್ಟಿಲ್ಲರಿ. ಹರದದ್ದು ಸುದ್ದಾ ಅಂಟಿಸಿ ಹಾಕಿದೆ.”

ಉಸ್ತಾನಿಮಾ ಆಚೆಯಿಂದ ಗೋಡೆಯ ಹತ್ತಿರ ಬಂದರು.

“ಕೇಳಿದೆ ಬೇಟಾ. ಪೂರಾ ಕೇಳಿದೆ. ಭಾಳ ಛಲೋ ಆತು. ನಿನಗ ದೇವರು ಒಳ್ಳೇದು ಮಾಡ್ಲಿ.”

ನಾನು ಬಾಯಿ ತೆರೆದೆ. ಗೋಡೆಯ ಸಂದಿಯಿಂದ ಅವರ ಮುಖ ನನಗೆ ಕಾಣುತ್ತಿತ್ತು. ತುಟಿಯ ಮೇಲೆ ಬೆರಳಿಟ್ಟು ಬೇಡವೆಂದು ತಲೆಯಾಡಿಸಿದರು.

ಆಮೇಲೆ ಮಾಲಕರು ಊರಲ್ಲಿಲ್ಲದ ಇನ್ನೊಂದು ಮಧ್ಯಾಹ್ನ ಸಿಗಲಿಲ್ಲ. ಆ ವಾರವೇ ಡಬ್ಬಿಗಳು ಬೇರೆ ಊರಿಗೆ ಹೋದವು. ಅದರ ಮುಂದಿನ ವಾರ ಉಸ್ತಾನಿಮಾ. ಟಾಂಗಾ ಬಂದಾಗ ಅವ್ವ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಬುರ್ಖಾದ ಒಳಗಿಂದ ಅವರು ಏನೋ ಹೇಳಿದರು. ಟಾಂಗಾದವನು ಕುದುರೆಯನ್ನು ಗದರಿಸುತ್ತಿದ್ದ, ನನಗೆ ಸರಿಯಾಗಿ ಕೇಳಿಸಲಿಲ್ಲ...

ಎಷ್ಟೋ ವರ್ಷಗಳ ನಂತರ, ನಾನು ಧಾರವಾಡದಲ್ಲಿ ಓದುತ್ತಿದ್ದಾಗ, ಅಲ್ಲಿ ಆ ಸಿನಿಮಾವನ್ನು ಒಂದು ಭಾನುವಾರದ ಬೆಳಗಿನ ಆಟಕ್ಕೆ ಹಾಕಿದರು. ಒಬ್ಬಳೇ ಹೋದೆ. ಜನ ಕಡಿಮೆ, ಇದ್ದವರೂ ಸುಮ್ಮನಿದ್ದರು. ದೋಣಿ ದಡ ಬಿಟ್ಟಿತು. ಮೊದಲು ಪಿಟೀಲುಗಳು, ಕೆಳಗೆ ಆ ದೊಡ್ಡ ತಂತಿಯ ದನಿ. ಅವರು ಗುನುಗಲಾಗದೆ ನಿಲ್ಲುತ್ತಿದ್ದ ಜಾಗ ಬಂದಾಗ ನಾನು ಉಸಿರು ಹಿಡಿದೆ. ಅಲ್ಲಿ ದೊಡ್ಡದೇನೂ ಇರಲಿಲ್ಲ. ಎಲ್ಲ ವಾದ್ಯಗಳೂ ಒಂದೊಂದಾಗಿ ಹಿಂದೆ ಸರಿದು, ಕೊಳಲೊಂದೇ ಉಳಿದು, ಮೂರ್ನಾಲ್ಕು ಸ್ವರ ನುಡಿದು ನಿಲ್ಲುತ್ತದೆ. ನಿಂತ ಮೇಲೆ ಒಂದು ಗಳಿಗೆ ಏನೂ ಇಲ್ಲ, ಹುಟ್ಟಿನ ಸದ್ದೂ ಇಲ್ಲ. ಆಮೇಲೆ ಪಿಟೀಲುಗಳು ಮತ್ತೆ ಬರುತ್ತವೆ. ಆದರೆ ಮೊದಲಿನ ಎತ್ತರಕ್ಕೆ ಏಳುವುದಿಲ್ಲ. ಅದನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬಂದೆ. ಹೈದರಾಬಾದಿಗೆ ಹೋಗಿ ಹೇಳಬೇಕೆಂದುಕೊಂಡೆ. ಪರೀಕ್ಷೆ ಬಂತು, ಕೆಲಸ ಸಿಕ್ಕಿತು, ವಿಳಾಸ ಕೇಳಿ ತಿಳಿದುಕೊಳ್ಳುವಷ್ಟರಲ್ಲಿ...

ಈ ಬೇಸಿಗೆಯಲ್ಲಿ ಬೀದರಿಗೆ ಹೋದಾಗ ಅವ್ವ ಹೇಳಿದಳು. ಉಸ್ತಾನಿಮಾ ಚಳಿಗಾಲದಲ್ಲೇ ತೀರಿಕೊಂಡರಂತೆ. ಹೈದರಾಬಾದಿನಿಂದ ಬಂದ ಯಾರೋ ಓಣಿಯಲ್ಲಿ ತಿಳಿಸಿಹೋಗಿದ್ದರು. ಮಾಮನೂ ಅಲ್ಲೇ ಕೂತಿದ್ದ. ಅವನು ಟಾಕೀಸು ಬಿಟ್ಟು ಬಹಳ ದಿನಗಳಾಗಿವೆ, ಕಣ್ಣೂ ಮಂದವಾಗಿದೆ.

“ಪಾಪ,” ಎಂದ. “ಆದ್ರ ಒಂದು ಛಲೋ ಕೆಲಸ ನನ್ನ ಕೈಯಿಂದ ಆಗ್ಯದ ನೋಡು. ಪೂರಾ ಕೇಳಿಸಿ ಕಳಿಸೀನಿ.” ನನ್ನ ಕಡೆ ತಿರುಗಿದ. “ನಾ ಮಾತ್ರ ಅದನ್ನ ಒಮ್ಮೀನೂ ಕೇಳಿಲ್ಲ. ಕ್ಯಾಬಿನ್ನಿನಾಗ ಮಶೀನಿನ ಗಡಗಡ ಬಿಟ್ರ ಏನೂ ಕೇಳಂಗಿಲ್ಲ. ನೀ ಅವತ್ತ ಬಾಜೂಕ ಇದ್ದೆಲ್ಲ. ಹ್ಯಾಂಗಿತ್ತವ್ವಾ ಅದು?”

ನಾನು ಹೇಳಿದೆ. ಜನಾನಾದಲ್ಲಿ ಒಂದು ಕೂಸೂ ಅಳಲಿಲ್ಲ ಎಂದೆ. ಪರದೆ ಪೂರ್ತಿ ತೆರೆದಿತ್ತು ಎಂದೆ. ಪಿಟೀಲುಗಳು ಹೇಗೆ ಎದ್ದವು, ಕೊಳಲೊಂದೇ ಹೇಗೆ ಉಳಿಯಿತು, ಅದೂ ನಿಂತ ಮೇಲಿನ ಆ ಗಳಿಗೆ ಹೇಗಿತ್ತು ಎಂದೆಲ್ಲ ಧಾರವಾಡದಲ್ಲಿ ಕೇಳಿದ್ದನ್ನು ಆ ಮಧ್ಯಾಹ್ನದೊಳಗೆ ಇಟ್ಟು ಹೇಳುತ್ತ ಹೋದೆ. ಮಾಮ ಗೋಡೆಗೆ ಒರಗಿ ಕೇಳುತ್ತಿದ್ದ.

“ಉಸ್ತಾನಿಮಾ?” ಎಂದ.

“ಕಣ್ಣು ಮುಚ್ಚಿ ಕುಂತಿದ್ರು, ಮಾಮಾ,” ಎಂದೆ. ಅದೊಂದನ್ನು ನಾನು ಕಟ್ಟಿ ಹೇಳಬೇಕಾಗಿರಲಿಲ್ಲ.