ಮಂಜು ಬಿಗಿದ ಬೋಲ್ಟು

2022ರಲ್ಲಿ ನಾನು ದೇವನಹಳ್ಳಿಯಿಂದ ಪಕ್ಕದ ವಿಜಯಪುರಕ್ಕೆ ಹೋಗುವ ರಸ್ತೆ ಬದಿಯ ಒಂದು ಲಾರಿ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದೆ. ಆ ಬೇಸಿಗೆಯಲ್ಲಿ ನಲ್ಲೂರು ಕಡೆಯ ಮುನಿಶಾಮಪ್ಪ ಎಂಬ ಹಿರಿಯರು ತಮ್ಮ ಲಾರಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಜೊತೆಯಲ್ಲಿ ಸೊಸೆ ಶೋಭಾ ಇದ್ದಳು. ಲಾರಿ ಓಡಿಸುತ್ತಿದ್ದವನು ಅವರ ಒಬ್ಬನೇ ಮಗ ಮಂಜುನಾಥ. ಹಿಂದಿನ ವರ್ಷ ದ್ರಾಕ್ಷಿ ಲೋಡು ಇಳಿಸಿ ಮನೆಗೆ ಬಂದವನು ಎದೆನೋವೆಂದು ಮಲಗಿದ, ಮತ್ತೆ ಏಳಲಿಲ್ಲ. ಅಂದಿನಿಂದ ಲಾರಿ ಮನೆಯ ಮುಂದೆಯೇ ನಿಂತಿತ್ತು. ಈಗ ಹೊಸಕೋಟೆಯವರೊಬ್ಬರು ಕೊಳ್ಳಲು ಒಪ್ಪಿದ್ದರು, ಎಂಜಿನ್ ಸ್ಟಾರ್ಟ್ ಆಗಬೇಕಿತ್ತು.

ಎಂಜಿನ್ ಆಯಿಲಿಗೆ ನೀರು ಬೆರೆತು ಹಾಲು ಹಾಕಿದ ಕಾಫಿಯ ಬಣ್ಣ ಬಂದಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂಬುದಕ್ಕೆ ಅದೇ ಗುರುತು. ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ತೆಳುವಾದ ಹಾಳೆ ಅದು. ಬದಲಾಯಿಸಲು ಹೆಡ್ ಬಿಚ್ಚಬೇಕು. ಬೋಲ್ಟುಗಳು ಒಂದೊಂದಾಗಿ ಸಡಿಲಾದವು. ಹಿಂದಿನ ಮೂಲೆಯದು ಮಾತ್ರ ಕಿರ್ರೆಂದಿತು, ಸ್ಪ್ಯಾನರ್ ಇದ್ದಕ್ಕಿದ್ದಂತೆ ಹಗುರವಾಯಿತು. ಬೋಲ್ಟಿನ ತಲೆ ನನ್ನ ಕೈಗೆ ಬಂತು, ಉಳಿದದ್ದು ಬ್ಲಾಕಿನೊಳಗೇ ಉಳಿಯಿತು.

ಮುನಿಶಾಮಪ್ಪ ಆ ತುಂಡನ್ನು ಇಸಿದುಕೊಂಡರು.

"ಇದ್ನ ಮಂಜುನೇ ಬಿಗಿ ಮಾಡಿದ್ದು ಕಣಪ್ಪಾ. ಲಾಕ್‌ಡೌನ್‌ನಲ್ಲಿ ಮೆಕ್ಯಾನಿಕ್ ಯಾರೂ ಸಿಗ್ಲಿಲ್ಲ. ಸ್ಪ್ಯಾನರ್‌ಗೆ ಪೈಪ್ ಸಿಗಿಸಿ, ಅಪ್ಪಾ ನೀನೂ ಒಂದ್ ಕೈ ಹಾಕು ಅಂದ. ಇಬ್ರೂ ಸೇರಿ ತಿರುಗ್ಸಿದ್ವಿ."

ಮಿತಿಮೀರಿ ಬಿಗಿದ ಬೋಲ್ಟು ಒಳಗೇ ಬಲ ಕಳೆದುಕೊಳ್ಳುತ್ತದೆ, ತುಕ್ಕು ಹಿಡಿದರೆ ಮುರಿಯುತ್ತದೆ. ಅದನ್ನು ನಾನು ಅವರಿಗೆ ಹೇಳಲಿಲ್ಲ.

"ಒಳಗಿರೋ ತುಂಡು ಬರ್ದೇ ಇದ್ರೆ?" ಎಂದು ಅವರು ಕೇಳಿದರು.

"ಗಾಡಿ ಓಡಲ್ಲ ಯಜಮಾನ್ರೇ."

"ಹಂಗಾದ್ರೆ ಬಿಟ್ಬಿಡು. ಮನೆ ಮುಂದೇನೇ ನಿಂತಿರ್ಲಿ."

ಶೋಭಾ ಮುಂದೆ ಬಂದಳು. "ಮಾವ, ನಮ್ಮ ಪಾಪು ದಿನಾ ಎದ್ದ ತಕ್ಷಣ ಕ್ಯಾಬಿನ್ ಹತ್ತಿ ಕೂತ್ಕೋತಾಳೆ. ಅಪ್ಪ ಬಂದ್ರೆ ರೌಂಡ್ ಕರ್ಕೊಂಡ್ ಹೋಗ್ತಾರೆ ಅಂತಾಳೆ. ಊಟಕ್ಕೆ ಕರೆದ್ರೂ ಇಳಿಯಲ್ಲ. ಎಷ್ಟು ದಿನ ಅಂತ ಸುಳ್ಳು ಹೇಳ್ಲಿ ನಾನು?"

ಮುನಿಶಾಮಪ್ಪ ಬೋಲ್ಟಿನ ತಲೆಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನನಗೆ ಹೇಳಿದರು: "ತೆಗಿ. ಆದ್ರೆ ನಿಧಾನಕ್ಕೆ ಕಣಪ್ಪಾ."

ಡ್ರಿಲ್ ಹಾಕಿದರೆ ಬೇಗ ಆಗುತ್ತದೆ, ಆದರೆ ಬಿಟ್ ಸ್ವಲ್ಪ ಜಾರಿದರೂ ಬ್ಲಾಕಿನ ಮರೆ, ಅಂದರೆ ಬೋಲ್ಟು ಕಚ್ಚಿಕೊಳ್ಳುವ ತಿರುಪಿನ ಗೆರೆ, ಕೆಡುತ್ತದೆ. ಹೆಡ್ ಎತ್ತಿದ ಮೇಲೆ, ಉಳಿದ ತುಂಡಿನ ಮೇಲೊಂದು ನಟ್ಟು ಇಟ್ಟು ವೆಲ್ಡ್ ಮಾಡಿದೆ. ಕಾವು ಇಳಿಯುತ್ತಿದ್ದಾಗ ಸುತ್ತಲೂ ಮೇಣದಬತ್ತಿ ಒತ್ತಿದೆ. ಕರಗಿದ ಮೇಣ ಮರೆಯೊಳಗೆ ಇಳಿದು ಜಾರಿಕೆ ಕೊಡುತ್ತದೆ. ಮೊದಲ ವೆಲ್ಡು ಕಿತ್ತುಬಂತು. ಎರಡನೆಯದು ಹಿಡಿಯಿತು. ಸ್ಪ್ಯಾನರನ್ನು ಕೂದಲೆಳೆಯಷ್ಟು ಹಿಂದೆ, ಮತ್ತೆ ಮುಂದೆ ಆಡಿಸುತ್ತ ಹೋದೆ. ಬೋಲ್ಟು ಅಲುಗಿದಾಗ ನನಗೆ ಎಂದಿನ ಖುಷಿಯಾಯಿತು. ತಲೆ ಎತ್ತಿ ನೋಡಿದರೆ, ಮುನಿಶಾಮಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನನ್ನ ಕೈ ನಿಂತಿತು. ಅವರೇ ಮುಂದುವರಿಸು ಎಂದು ಸನ್ನೆ ಮಾಡಿದರು.

ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು, ಹೊಸ ಆಯಿಲ್ ಹಾಕಿದ ಮೇಲೆ ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಸಮವಾಗಿ ಓಡತೊಡಗಿತು. ಶೋಭಾ ಕಿವಿ ಮುಚ್ಚಿಕೊಂಡಳು. ದೂರದಿಂದ ಆ ಸದ್ದು ಕೇಳಿದರೆ, ಅವರು ಬಂದರೆಂದು ಒಲೆ ಮೇಲೆ ಅನ್ನಕ್ಕೆ ಇಡುತ್ತಿದ್ದೆ ಎಂದಷ್ಟೇ ಹೇಳಿದಳು.

ಕೊಂಡವರು ಬಂದು ಡ್ರೈವರ್ ಸೀಟಿನಲ್ಲಿ ಕೂತಾಗ ಮುನಿಶಾಮಪ್ಪ ಲಾರಿಯ ಹಿಂದೆ ಹೋಗಿ ನಿಂತರು. ದಾರಿ ನೋಡಿ, ಲಾರಿಯ ಹಿಂಬದಿಯನ್ನು ಎರಡು ಸಲ ತಟ್ಟಿ, ಕೈ ಎತ್ತಿ "ರೈಟ್, ರೈಟ್ ಮಂಜಾ" ಎಂದುಬಿಟ್ಟರು. ಲಾರಿ ರಸ್ತೆಗೆ ಇಳಿಯಿತು. ಎತ್ತಿದ ಕೈ ಇಳಿಸಲು ಅವರಿಗೆ ತೋಚಲಿಲ್ಲ. ಶೋಭಾ ಹೋಗಿ ಹಿಡಿದು ಇಳಿಸಿದಳು.

ಗಾಡಿ ರಿಪೇರಿಯಾದರೆ ತಂದವರಿಗೆ ಸಂತೋಷ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಸರಿಯಾಗಿ ಮಾಡಿದ ಕೆಲಸವೇ ಒಬ್ಬರ ಎದೆ ಒಡೆಯಬಹುದು. ಆಗಲೂ ಕೆಲಸವನ್ನು ಸರಿಯಾಗಿಯೇ ಮಾಡಬೇಕು. ಆದರೆ ಎಂಜಿನ್ ಓಡಿತೆಂದು ಹಿಗ್ಗಬಾರದು.